ಹೇಳಿಕಿಯ ಮೇಲೊಂದು ಕರೆ

ಇಚಲಕರಂಜಿಯ ಆ ಕೆಲಸ ಒಪ್ಪಿಕೊಂಡಾಗ ನಾನು ಬೀಮು ಎಂದರೇನು ಅಂತಲೂ ನೋಡಿರಲಿಲ್ಲ. ಕೊಲ್ಹಾಪುರದಲ್ಲಿ ಮೂರು ಕೋಣೆಯ ಆಫೀಸು ನಮ್ಮದು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ನಾವು. ಶಿರೋಳಿಯ ಫೌಂಡ್ರಿಗಳಿಗೆ, ಬೆಲ್ಲದ ಅಡತಿ ಅಂಗಡಿಗಳಿಗೆ ಪ್ರೋಗ್ರಾಮು ಬರೆದುಕೊಡುತ್ತ ನನ್ನ ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಯಾರಾದರೂ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ತೋರಿಸಿದರೆ ಮೊದಲು ಅವರ ಮೇಲೆ ಸಿಟ್ಟಾಗಿ, ಆಮೇಲೆ ಸುಮ್ಮನೆ ಕೂತು ತಪ್ಪು ತಿದ್ದುವುದು ನನ್ನ ಪದ್ಧತಿ. ಗಡಹಿಂಗ್ಲಜದಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮವ್ವ, 'ಈಕೀ ಸಿಟ್ಟು ಮೂಗಿನ ತುದಿಮ್ಯಾಲ' ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಬಂದವರೂ ನನ್ನ ಮೂಗು ನೋಡುತ್ತಾರೆ.

ಕೆಲಸ ತಂದವರು ಒಬ್ಬ ಸಾವಕಾರರು. ಅವರದು ಸೈಝಿಂಗ್ ಕಾರ್ಖಾನೆ. ಅಲ್ಲಿ ನೂಲಿಗೆ ಗಂಜಿ ಹಾಕಿ, ಒಣಗಿಸಿ, ಸಾವಿರಾರು ಎಳೆಗಳನ್ನು ಒಟ್ಟಿಗೆ ದೊಡ್ಡದೊಂದು ಕಬ್ಬಿಣದ ಉರುಳೆಗೆ ಸುತ್ತುತ್ತಾರೆ. ಆ ಸುತ್ತಿದ ಉರುಳೆಯೇ ಬೀಮು. ಅದನ್ನು ಮಗ್ಗದವರು ಟೆಂಪೋದಲ್ಲಿ ಹೇರಿಕೊಂಡು ಹೋಗಿ ತಮ್ಮ ಮಗ್ಗಕ್ಕೆ ಏರಿಸಿದರೆ ಬಟ್ಟೆ ನೇಯಲು ಶುರು. ಸಾವಕಾರರ ಮನೆತನ ಮೂರು ತಲೆಮಾರಿನ ಹಿಂದೆ ಕರ್ನಾಟಕದ ಕಡೆಯಿಂದ ನೂಲು ಮಾರುತ್ತ ಬಂದು ಇಲ್ಲೇ ನಿಂತದ್ದು. ವ್ಯವಹಾರವೆಲ್ಲ ಮರಾಠಿಯಲ್ಲಿ; ಸಂಕಟ, ಸಂತೋಷ, ಜಗಳ ಮಾತ್ರ ಕನ್ನಡದಲ್ಲಿ.

"ತಂಗಿ, ನಮ್ಮ ಅಜ್ಜ ಕಣ್ಣಿನ ಆಪರೇಶನ್ ಮಾಡಿಸ್ಕೊಂಡು ಮಗಳ ಮನಿಗೆ ಹೋಗ್ಯಾನ. ಇನ್ನ ಬರಾಂಗಿಲ್ಲ, ಸಾಕಾತು ಅಂದಾನ," ಎಂದರು ಅವರು. "ಬೀಮು ತಯಾರಾತು ಅಂತ ಮಗ್ಗದವರಿಗೆ ಹೇಳಾಕ ಯಾರೂ ಇಲ್ಲ. ನಿನ್ನ ಮಷೀನು ಹೇಳಬೇಕು."

ಆ ಅಜ್ಜ ಕಾರ್ಖಾನೆಯ ಹಳೆಯ ಆಳು, ಮೊದಲು ಸೈಕಲ್ಲಿನ ಮೇಲೆ ಗಲ್ಲಿಗಲ್ಲಿ ತಿರುಗಿ, ಆಮೇಲೆ ಫೋನಿನಲ್ಲಿ, ಜೀವಮಾನವೆಲ್ಲ ಇದೊಂದೇ ಸುದ್ದಿ ಮುಟ್ಟಿಸಿದವನು. ಅವನು ಹೇಗೆ ಹೇಳುತ್ತಿದ್ದ ಎಂದು ನಾನು ಕೇಳಲಿಲ್ಲ. ಹೇಳುವುದರಲ್ಲಿ ಕೇಳುವುದೇನಿದೆ ಎನ್ನುವ ಜಾತಿಯವಳು ನಾನು.

ಕೆಲಸ ಕಾಗದದ ಮೇಲೆ ಸರಳವಿತ್ತು. ಬೀಮು ಯಂತ್ರದಿಂದ ಇಳಿದಾಗ ಕಾರ್ಖಾನೆಯ ಗುಮಾಸ್ತರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಬೇಕು. ಸುದ್ದಿ ಕ್ಲೌಡಿನಲ್ಲಿರುವ ಒಂದು ಸಂದೇಶ ಸೇವೆಗೆ ಹೋಗಬೇಕು. ಅದು ಸುದ್ದಿಗಳನ್ನು ಪಾಳಿ ಹಚ್ಚಿ ಇಟ್ಟುಕೊಂಡು, ಒಂದೊಂದಾಗಿ ನನ್ನ ಇನ್ನೊಂದು ಪ್ರೋಗ್ರಾಮಿನ ಕೈಗೆ ಕೊಡಬೇಕು. ಆ ಪ್ರೋಗ್ರಾಮು ಮಗ್ಗದವರ ಮೊಬೈಲಿಗೆ ಮುಟ್ಟಿಸಬೇಕು. 'ಮುಟ್ಟಿತು' ಎಂಬ ಉತ್ತರ ವಾಪಸು ಬರುವ ತನಕ ಆ ಸೇವೆ ಸುದ್ದಿಯನ್ನು ಮರೆಯುವುದಿಲ್ಲ. ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ನೋಡಿ ಮತ್ತೆ ಕೊಡುತ್ತದೆ. ಇಷ್ಟು ಕರ್ತವ್ಯನಿಷ್ಠೆ ಮನುಷ್ಯರಲ್ಲಿ ಕಡಿಮೆ.

ನನ್ನ ಪ್ರೋಗ್ರಾಮುಗಳನ್ನು ನಾನು ಕಂಟೇನರಿನಲ್ಲಿ ಕಟ್ಟಿದ್ದೆ. ಕಂಟೇನರ್ ಎಂದರೆ ಹೆದರಬೇಕಾದ್ದೇನಿಲ್ಲ, ಬುತ್ತಿ ಅಷ್ಟೆ. ಅವ್ವ ಬಸ್ಸಿಗೆ ಕಟ್ಟಿಕೊಡುವ ಗಂಟಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಕಡೆಗೆ ಉಪ್ಪಿನ ಪೊಟ್ಟಣ ಕೂಡ ಇರುತ್ತದೆ. ಎಲ್ಲಿ ಬಿಚ್ಚಿದರೂ ಊಟ ಪೂರ್ತಿ. ಹಾಗೆಯೇ ಪ್ರೋಗ್ರಾಮು ನಡೆಯಲು ಬೇಕಾದ್ದೆಲ್ಲ ಕಂಟೇನರಿನೊಳಗೇ ಇರುತ್ತದೆ. ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ನಡೆಯಬೇಕು.

ನಡೆಯಲಿಲ್ಲ. ಮೂರು ದಿನ ನನ್ನನ್ನು ಕುಣಿಸಿತು. ಮೊದಲ ದಿನ ಅದು ಸಂದೇಶ ಸೇವೆಯ ಬಾಗಿಲನ್ನೇ ಮುಟ್ಟಲಿಲ್ಲ. ಪರೀಕ್ಷೆಗೆಂದು ನಾನು ಆ ಸೇವೆಯ ಒಂದು ಮರಿಯನ್ನು ನನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ವಿಳಾಸದ ಜಾಗದಲ್ಲಿ 'ಇದೇ ಮನೆ' ಎಂಬ ಅರ್ಥ ಬರುವ ಹೆಸರು ಬರೆದಿದ್ದೆ. ಕಂಟೇನರಿನೊಳಗೆ ಕೂತ ಮೇಲೆ ಪ್ರೋಗ್ರಾಮಿಗೆ ಇದೇ ಮನೆ ಎಂದರೆ ಕಂಟೇನರೇ. ಪಾಪ, ಅದು ತನ್ನ ಮನೆಯೊಳಗೇ ಕೋಣೆಕೋಣೆ ಹುಡುಕಿ, ಯಾರೂ ಇಲ್ಲ ಎಂದು ವರದಿ ಒಪ್ಪಿಸುತ್ತಿತ್ತು. ವಿಳಾಸ ತಿದ್ದಿದೆ. ಎರಡನೆಯ ದಿನ ಬಾಗಿಲು ಸಿಕ್ಕಿತು, ಒಳಗೆ ಬಿಡಲಿಲ್ಲ. ಗುಟ್ಟಿನ ಕೀಲಿಯನ್ನು ಬುತ್ತಿಯೊಳಗೆ ಕಟ್ಟಬಾರದು, ಹೊರಡುವಾಗ ಕೈಯಲ್ಲಿ ಕೊಡಬೇಕು ಎಂಬ ನಿಯಮ ಪಾಲಿಸಿದ್ದೆ. ಕೈಯಲ್ಲಿ ಕೊಡುವುದನ್ನೇ ಮರೆತಿದ್ದೆ. ಮೂರನೆಯ ದಿನ ಮಧ್ಯಾಹ್ನ ನನ್ನದೇ ಮೊಬೈಲು ಟಿಣ್ ಎಂದಿತು: 'ನಿಮ್ಮ ಬೀಮು ತಯಾರಾಗಿದೆ.' ನನಗೆ ಬೀಮೂ ಇಲ್ಲ, ಮಗ್ಗವೂ ಇಲ್ಲ. ಆದರೂ ಕೆಳಗಿಳಿದು ಚಪ್ಪಲಿ ಅಂಗಡಿಯವರಿಗೆಲ್ಲ ಚಹಾ ಕುಡಿಸಿದೆ.

ಮೂರು ವಾರ ಎಲ್ಲ ಸರಿ ನಡೆಯಿತು. ಬೀಮು ಇಳಿದ ಅರ್ಧ ಗಂಟೆಯಲ್ಲಿ ಟೆಂಪೋ ಬಂದು ನಿಲ್ಲುತ್ತಿತ್ತಂತೆ. ಸಾವಕಾರರು ಫೋನು ಮಾಡಿ, "ನಿನ್ನ ಮಷೀನು ಅಗದೀ ಅಜ್ಜನ ಗತೆ ಹೇಳ್ತೈತಿ ನೋಡವಾ. ಬರೋಬರ್!" ಎಂದರು. ಇಂಥ ಹೊಗಳಿಕೆಯ ಅರ್ಥ ಬಿಡಿಸುವ ವ್ಯವಧಾನ ಯಾರಿಗಿದೆ? ನಾನು ಉಬ್ಬಿದೆ.

ನಾಲ್ಕನೆಯ ಶನಿವಾರ ದಾಖಲೆ ತೆರೆದು ನೋಡಿದೆ. ಪ್ರತಿಯೊಂದು ಸುದ್ದಿಯೂ ಎರಡೆರಡು ಸಲ ಹೋಗಿತ್ತು. ಮೊದಲನೆಯದಾದ ಹತ್ತು ನಿಮಿಷಕ್ಕೆ ಎರಡನೆಯದು. ಕಾರಣ ನನ್ನದೇ. 'ಮುಟ್ಟಿತು' ಎಂಬ ಉತ್ತರ ಮೊಬೈಲಿನ ಕಡೆಯಿಂದ ತಡವಾಗಿ ಬರುತ್ತಿತ್ತು, ನಾನು ಕ್ಲೌಡಿಗೆ ಹತ್ತೇ ನಿಮಿಷ ಕಾಯಲು ಹೇಳಿದ್ದೆ. ಅದು ಹತ್ತು ನಿಮಿಷ ಕಾದು, ಸುದ್ದಿ ಹೋಗಿಲ್ಲವೆಂದು ತಿಳಿದು, ಮತ್ತೊಮ್ಮೆ ಕೊಡುತ್ತಿತ್ತು. ಮೂರು ವಾರದಲ್ಲಿ ಒಬ್ಬರೂ ದೂರಿರಲಿಲ್ಲ. ಕೊಲ್ಹಾಪುರದ ಅಡತಿಯವರಾಗಿದ್ದರೆ ಎರಡನೆಯ ಮೆಸೇಜಿಗೇ ನನ್ನ ಮರ್ಯಾದೆ ತೆಗೆಯುತ್ತಿದ್ದರು.

ಯಾರಿಗೂ ಹೇಳದೆ ಅವತ್ತೇ ತಿದ್ದಿದೆ. ಒಂದು ಬೀಮು, ಒಂದು ಸುದ್ದಿ. ಮನೆಗೆ ಹೋಗುವಾಗ ಹಗುರಾಗಿ ನಡೆದದ್ದು ನೆನಪಿದೆ.

ಮಂಗಳವಾರ ಸಾವಕಾರರ ಫೋನು ಬಂತು. ಅಂಗಳದಲ್ಲಿ ಬೀಮು ಬಿದ್ದಿವೆ, ಜನ ಬರುತ್ತಿಲ್ಲ, ನಿನ್ನ ಮಷೀನು ಹೇಳುತ್ತದೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದರು. ನೋಡಿದೆ. ಎಲ್ಲ ಸುದ್ದಿ ಹೋಗಿತ್ತು, ಎಲ್ಲ ಮುಟ್ಟಿತ್ತು. "ಮುಟ್ಟ್ಯಾವ್ರಿ. ಅವರು ಫೋನು ನೋಡಂಗಿಲ್ಲಂದ್ರ ನಾ ಏನ್ ಮಾಡ್ಲಿ?" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೂಗಿನ ತುದಿ ಸುಮ್ಮನಿರಬೇಕಲ್ಲ. "ನೀವು ನಡುವ ಫೋನ್ ಮಾಡಿ ಕರೀಬ್ಯಾಡ್ರಿ. ಒಮ್ಮೆ ಕರದ್ರ ಅದ ರೂಢಿ ಆಗ್ತೈತಿ. ಎರಡು ದಿನಾ ತ್ರಾಸ ಆಗಲಿ, ಕಲೀತಾರ."

ಅವರು ನನ್ನ ಮಾತು ನಂಬಿದರು. ಅದೇ ಈಗಲೂ ನನ್ನನ್ನು ಚುಚ್ಚುವುದು.

ಗುರುವಾರ ಬೆಳಿಗ್ಗೆ ಫೋನು ಕನ್ನಡದಲ್ಲೇ ಶುರುವಾಯಿತು. "ತಂಗಿ, ಆ ಮಾವಶೀದು ನಾಲ್ಕು ಬೀಮು ಮಂಗಳವಾರದಿಂದ ಇಲ್ಲೇ ಬಿದ್ದಾವ. ಅಕೀ ನಾಕೂ ಮಗ್ಗ ಬಂದ್ ಅದಾವ. ನೂಲು ಕೊಡೋ ವ್ಯಾಪಾರಿ ಬಂದು ಇಣಕಿ ನೋಡಿ ಹೋಗ್ಯಾನ. ಇವತ್ತ ಸಂಜೀಕ ಮತ್ತ ಬರ್ತಾನಂತ. ಎಷ್ಟು ಮಗ್ಗ ನಡದಾವೋ ಅಷ್ಟಕ್ಕ ಮುಂದಿನ ನೂಲು, ಉಳಿದದ್ದು ಬ್ಯಾರೆದವರಿಗೆ ಅಂದಾನ. ಗಂಡ ಹೋದ ಮ್ಯಾಲ ಆ ನಾಕ್ ಮಗ್ಗದ ಮ್ಯಾಲ ನಿಂತಾಳವಾ ಅಕಿ. ನಾ ಫೋನ್ ಮಾಡೂದೋ ಬ್ಯಾಡೋ? ನೀನ ಹೇಳು."

"ತಡೀರಿ, ನಾನ ಬರ್ತೇನಿ," ಎಂದೆ. ಫೋನಿನಲ್ಲೇ ಕರೆಸಿಬಿಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಸುದ್ದಿ ಮುಟ್ಟಿದೆ ಎಂಬುದನ್ನು ಆ ಹೆಂಗಸಿನ ಮುಂದೆಯೇ ಸಾಬೀತು ಮಾಡಿ ತೋರಿಸಬೇಕಿತ್ತು ನನಗೆ. ಇಚಲಕರಂಜಿಯ ಬಸ್ಸಿನಲ್ಲಿ ಒಂದು ತಾಸು ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ.

ಸೈಝಿಂಗಿನಿಂದ ಎರಡು ಗಲ್ಲಿ ದಾಟಿದರೆ ಮಾವಶಿಯ ಶೆಡ್ಡು. ಆ ಗಲ್ಲಿಗಳಲ್ಲಿ ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು, ಎಡಬಲ ಮಗ್ಗಗಳು ಅಷ್ಟು ಸದ್ದು ಮಾಡುತ್ತವೆ. ಅವಳ ಬಾಗಿಲ ಮುಂದೆ ನಿಂತಾಗ ಮಾತ್ರ ಒಳಗಿನಿಂದ ಏನೂ ಕೇಳಿಸಲಿಲ್ಲ. ಅರವತ್ತು ದಾಟಿದ ಹೆಂಗಸು, ಗಲ್ಲಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಗಡಿಯ ಹಳ್ಳಿಯೊಂದರ ಕುರಿ ಕಾಯುವ ಮನೆಯ ಮಗಳು, ಮದುವೆಯಾಗಿ ಮಗ್ಗದ ಮನೆಗೆ ಬಂದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು, ಬೀಮಿನ ಎಳೆ ಕೂಡಿಸುವವರು. ಒಳಗೆ ನೆಲ ಗುಡಿಸಿತ್ತು. ನಾಲ್ಕೂ ಮಗ್ಗಕ್ಕೆ ಎಣ್ಣೆ ಬಿಟ್ಟಿದ್ದಳು. ಸೋಮಾರಿಯನ್ನು ಬಯ್ಯಲು ಬಂದವಳಿಗೆ ಅಲ್ಲಿ ಸೋಮಾರಿಯೇ ಸಿಗಲಿಲ್ಲ.

ನಾನು ಯಾರೆಂದು ಹೇಳಿ, "ಮಾವಶಿ, ನಿಮಗ ಮೆಸೇಜ್ ಬಂದಿಲ್ಲೇನ್ರಿ?" ಎಂದೆ.

"ಬಂದೈತಲ್ಲವಾ." ಕುಪ್ಪಸದೊಳಗಿಂದ ಫೋನು ತೆಗೆದು ತೋರಿಸಿದಳು. ಮಂಗಳವಾರದ್ದು, ತೆರೆದು ಓದಿದ್ದು. "ಬಾಜೂ ಮನಿಯಾಕೀ ಕಡೆ ಓದಿಸಿಕೊಂಡೇನಿ. ಬೀಮು ತಯಾರ್ ಅಂತ."

"ಮತ್ತ್ಯಾಕ ಬರಲಿಲ್ಲ?"

ನಾನೇ ಏನೋ ತಿಳಿಗೇಡಿ ಎಂಬಂತೆ ಅವಳು ನನ್ನ ಮುಖ ನೋಡಿದಳು. "ಹೇಳಿಕಿ ಆಗೇತಿ, ಖರೆ. ಕರೀಲಿಲ್ಲಲ್ಲ?"

"ಹೇಳಿದ್ದೇ ಕರದಾಂಗ ಅಲ್ಲೇನ್ರಿ?"

"ಹ್ಯಾಂಗ ಆಗ್ತೈತಿ ಯವ್ವಾ? ಅಜ್ಜ ಇದ್ದಾಗ ಮೊದಲ ಹೇಳಾಂವ, ನಿಂದು ಆಗಾಕತ್ತೈತಿ ಅಂತ. ಆಮ್ಯಾಲ ಬೀಮು ಕಟ್ಟೀಮ್ಯಾಲ ಇಟ್ಟು, ಬಾ ಅಂತ ಕರ್ಯಾಂವ. ಮೊದಲಿನ ಮಾತಿಗೇ ಓಡಿ ಹೋದ್ರ ಮಂದಿ ಏನಂದಾರು? ಇನ್ನೊಬ್ಬರ ಪಾಳಿ ಕಸಗೊಳ್ಳಾಕ ಬಂದಾಳ ಅಂತಾರ. ನಿಮ್ಮ ಮಷೀನೂ ಮೂರು ವಾರ ಹಂಗ ಮಾಡ್ತಿತ್ತು. ಒಮ್ಮೆ ಹೇಳೂದು, ಒಂದ ಚಹಾ ಕುಡಿಯೂದ್ರೊಳಗ ಮತ್ತ ಕರಿಯೂದು. ಭಾಳ ಶಾಣೇ ಮಷೀನು ಅಂದಿದ್ವಿ. ಈ ಸಲ ಕರೀಲಿಲ್ಲ. ಬೀಮು ಏನರ ತಕರಾರ್ ಆಗಿರಬೇಕು, ತಿದ್ದಾಕತ್ತಾರ ಅಂತ ಕುಂತೇನಿ. ಇವರನ್ನೂ ಎರಡು ದಿನದಿಂದ ಕುಂಡ್ರಿಸಿಕೊಂಡೇನಿ."

"ಒಂದ ಫೋನ್ ಮಾಡಿ ಕೇಳಬಾರದಿತ್ತೇನ್ರಿ?"

"ಊಟಕ್ಕ ಯಾವಾಗ ಕರೀತೀರಿ ಅಂತ ಯಾರರ ಕೇಳ್ತಾರೇನವಾ?"

 ಆ ಕಟ್ಟೆಯ ಮೇಲೆ ನಿಂತಾಗ ನನ್ನ ಎಡ ತೋಳು ಚುರ್ ಎಂದಿತು, ಸುಳ್ಳಲ್ಲ. ನಾನು ಹತ್ತು ವರ್ಷದವಳಿದ್ದಾಗ ಅವ್ವ ಚಿವುಟಿದ ಜಾಗ ಅದು. ಗಡಹಿಂಗ್ಲಜದಲ್ಲಿ ನಮ್ಮ ಓಣಿಯ ಯಾರದೋ ಮನೆಯ ಊಟ. ಬೆಳಿಗ್ಗೆ ಬಂದು, "ಇವತ್ತ ಊಟಕ್ಕ ನಮ್ಮಲ್ಲೆ ಹೇಳಿಕಿ ಐತ್ರೀ" ಎಂದು ಹೇಳಿ ಹೋಗಿದ್ದರು. ಹೋಳಿಗೆಯ ವಾಸನೆ ಓಣಿಯ ತುಂಬ. ನಾನು ಹನ್ನೆರಡಕ್ಕೇ ಪರಕರ ಪೋಲ್ಕಾ ಹಾಕಿಕೊಂಡು ಹೊರಟುಬಿಟ್ಟೆ. ಅವ್ವ ಬಾಗಿಲಲ್ಲೇ ಹಿಡಿದು ಚಿವುಟಿದಳು. "ಹೇಳಿದ್ದಕ್ಕ ಹೊಂಟಿ ಏನ? ಕರಿಯಾಕ ಬರಲಿ. ಹಸಕೊಂಡವರಾಂಗ ಹೋಗಿ ನಿಂದ್ರಬಾರದು." ಎರಡಕ್ಕೆ ಅವರ ಮನೆಯವರು ಮತ್ತೆ ಬಂದು, ಎಲೆ ಹಾಕಿದೆವು ಏಳಿ ಎಂದ ಮೇಲೆಯೇ ನಾವು ಎದ್ದದ್ದು. ನಮ್ಮ ಕಡೆ ಎಲ್ಲ ಮನೆಯಲ್ಲೂ ಹೀಗೆಯೇ. ಮೊದಲ ಮಾತು ನಿಮ್ಮನ್ನು ಲೆಕ್ಕಕ್ಕೆ ಹಿಡಿದಿದ್ದೇವೆ ಎನ್ನಲು, ಎರಡನೆಯದು ನಿಮಗಾಗಿ ಕಾಯುತ್ತಿದ್ದೇವೆ ಎನ್ನಲು. ಎರಡನೆಯದು ಬರದಿದ್ದರೆ ಹಸಿದುಕೊಂಡೇ ಕೂತವರನ್ನು ನಾನು ನೋಡಿದ್ದೇನೆ.

ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಸಾವಿರ ಮೈಲಿ ದೂರದ ಸೇವೆ ಯಾವಾಗ ಎರಡು ಸಲ ಹೇಳುತ್ತದೆ, ಯಾಕೆ ಹೇಳುತ್ತದೆ ಎಂದು ಕೂತು ಓದಿಕೊಂಡಿದ್ದೆ. ನನ್ನ ಜನ ಯಾಕೆ ಎರಡು ಸಲ ಹೇಳುತ್ತಾರೆ ಎಂಬುದು ನೆನಪಿಗೇ ಬರಲಿಲ್ಲ. ಆ ಯಂತ್ರ ತಪ್ಪಿ ಮಾಡಿದ ಸರಿಯನ್ನು ನಾನು ತಿದ್ದಿ ಕೆಡಿಸಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಯಾಕೆಂದರೆ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಮಾವಶಿ, ಬೀಮು ಇಳದಾವ. ಕರಿಯಾಕ ಬಂದೇನಿ. ಏಳ್ರಿ," ಎಂದೆ.

ಅಷ್ಟೇ ಸಾಕಾಯಿತು. ಮೊಣಕಾಲಿಗೆ ಕೈಯೂರಿ ಎದ್ದವಳು ನನಗಿಂತ ಮುಂದೆ ನಡೆಯುತ್ತಿದ್ದಳು. ಟೆಂಪೋದವನಿಗೆ ದಾರಿಯಲ್ಲೇ ಕೂಗಿ ಹೇಳಿದಳು. ಹನ್ನೆರಡೂವರೆಗೆ ನಾಲ್ಕೂ ಬೀಮು ಶೆಡ್ಡಿನಲ್ಲಿದ್ದವು. ಆದರೆ ಬೀಮು ಏರಿಸಿದ ಕೂಡಲೇ ಮಗ್ಗ ನಡೆಯುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಒಂದೊಂದಾಗಿ ಕೂಡಿಸಬೇಕು, ಸಾವಿರಾರು. ಒಬ್ಬಳು ಒಂದು ಮಗ್ಗಕ್ಕೆ ಕೂತರೆ ಮಧ್ಯಾಹ್ನವೆಲ್ಲ ಬೇಕು. ಕೂಡಿಸುವವರು ಇದ್ದದ್ದು ಇಬ್ಬರೇ. ಇನ್ನಿಬ್ಬರನ್ನು ಹುಡುಕಿಕೊಂಡು ನಾನು ಆಟೋದಲ್ಲಿ ಅರ್ಧ ಊರು ತಿರುಗಿದೆ, ಆ ಹೊತ್ತಿಗೆ ಯಾರಿಗೂ ಬಿಡುವಿರಲಿಲ್ಲ. ವಾಪಸು ಬಂದು ನಾನೂ ಕೂಡಿಸುತ್ತೇನೆ ಎಂದು ಕೂತೆ. ಹತ್ತು ಎಳೆಯಲ್ಲಿ ಆರು ಕಡಿದೆ. ಮಾವಶಿ ನನ್ನ ಕೈ ಮೆಲ್ಲಗೆ ಸರಿಸಿ, "ನೀ ಚಹಾ ಮಾಡ್ಹೋಗು," ಎಂದಳು. ಚಹಾ ಮಾಡಿದೆ.

ಸಂಜೆ ವ್ಯಾಪಾರಿ ಬಂದಾಗ ಎರಡು ಮಗ್ಗ ನಡೆಯುತ್ತಿದ್ದವು, ಎರಡು ಸುಮ್ಮನಿದ್ದವು. ನಾನು ಮುಂದೆ ಹೋಗಿ ಮರಾಠಿಯಲ್ಲಿ ಎಲ್ಲ ಹೇಳಿದೆ: ತಪ್ಪು ಇವರದಲ್ಲ, ನನ್ನದು, ಇನ್ನೊಂದು ದಿನ ಕೊಡಿ. ಆತ ಕೆಟ್ಟವನಲ್ಲ, ಪೂರ್ತಿ ಕೇಳಿಸಿಕೊಂಡ. ಇಲ್ಲಿ ನಡೆಯದ ಮಗ್ಗದ ನೂಲು ನಿಮಗೇ ಎಂದು ಬೆಳಿಗ್ಗೆಯೇ ಬೇರೆಯವರಿಗೆ ಮಾತು ಕೊಟ್ಟಾಗಿದೆ, ಕೊಟ್ಟ ಮಾತು ತಿರುಗಿಸಲು ಬರುವುದಿಲ್ಲ ಎಂದ. ಈಗ ಬಂದಿರುವ ನಾಲ್ಕು ಬೀಮು ಮುಗಿದ ಮೇಲೆ ಎರಡೇ ಮಗ್ಗಕ್ಕೆ ನೂಲು.

ಅವನು ಹೋದ ಮೇಲೆ ಮಾವಶಿ ನಡೆಯುವ ಮಗ್ಗದ ಹತ್ತಿರ ಹೋಗಿ ನಿಂತಳು. ನಾನು ಅತ್ತುಬಿಟ್ಟೆ. ಸಿಟ್ಟಿನವರು ಅಳುವುದು ನೋಡಲು ಚೆಂದವಿರುವುದಿಲ್ಲ. "ತಪ್ಪು ನಂದು, ಮಾವಶಿ. ಸಾವಕಾರರು ಫೋನ್ ಮಾಡ್ತಿದ್ರು, ನಾನ ಬ್ಯಾಡ ಅಂದೆ."

"ಹೌದು, ನಿಂದ ತಪ್ಪು," ಎಂದಳು ಅವಳು. ಇಲ್ಲ ಬಿಡು ಎನ್ನಲಿಲ್ಲ. ಎಂದಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಮಗ್ಗದ ಕಡೆ ತಿರುಗಿ ಒಂದು ಎಳೆ ಸರಿ ಮಾಡಿ, ಆಮೇಲೆ ಹೇಳಿದಳು: "ಆದ್ರ ಕರಿಯಾಕ ನೀನ ಬಂದಿ. ಅದೂ ಲೆಕ್ಕಕ್ಕೈತಿ. ಮಾರಿ ತೊಳಕೊಂಡು ಬಸ್ಸ್ ಹಿಡಿ."

ಮನೆಗೆ ಬಂದು ಅವ್ವನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವಳು ಮೊದಲು ನಕ್ಕಳು. "ಅಷ್ಟು ಓದಿ ಇಷ್ಟು ತಿಳೀಲಿಲ್ಲೇನ ನಿನಗ? ಚಿವುಟಿದ್ದು ಸಾಲಲಿಲ್ಲ ಹಂಗಾರ." ಆಮೇಲೆ ಮಾವಶಿಗೆ ಮಕ್ಕಳೆಷ್ಟು, ಮೊಣಕಾಲು ನೋವಿಗೆ ಏನು ಹಚ್ಚುತ್ತಾಳೆ ಎಂದೆಲ್ಲ ವಿಚಾರಿಸಿದಳು. ನನಗೆ ಯಾವುದೂ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಮರುದಿನ ಪ್ರೋಗ್ರಾಮು ಮತ್ತೆ ತಿದ್ದಿದೆ, ಈ ಸಲ ಕೇಳಿಕೊಂಡು. ಬೀಮು ಯಂತ್ರಕ್ಕೆ ಹತ್ತಿದಾಗ ಒಂದು ಸುದ್ದಿ: 'ನಿಮ್ಮದು ಆಗಾಕತ್ತೈತಿ.' ಇಳಿದು ಕಟ್ಟೆಯ ಮೇಲೆ ಕೂತಾಗ ಇನ್ನೊಂದು: 'ಇಳದೈತಿ, ಬರ್ರಿ.' ಎರಡಕ್ಕೂ ಬೇರೆ ಬೇರೆ ಉತ್ತರ, ಬೇರೆ ಬೇರೆ ಪಾಳಿ. ಮಾತುಗಳನ್ನು ಅಜ್ಜನಿಗೇ ಫೋನು ಮಾಡಿ ಕೇಳಿ ಬರೆದುಕೊಂಡದ್ದು. ಸೋಮವಾರದಿಂದ ಟೆಂಪೋಗಳು ಮತ್ತೆ ಹೊತ್ತಿಗೆ ಸರಿಯಾಗಿ ಬಂದವು. ಸಾವಕಾರರು ಮರಾಠಿಗೆ ಮರಳಿದರು.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಮಾವಶಿಯ ಫೋನು ಬಂತು. "ನಾಳೆ ಮಗ್ಗದ ಪೂಜಿ. ಊಟಕ್ಕ ನಮ್ಮಲ್ಲೆ ಹೇಳಿಕಿ ಐತಿ." ಅಷ್ಟೇ ಹೇಳಿ ಇಟ್ಟಳು.

ಹೊಸ ಸೀರೆ ಉಟ್ಟು ಮೊದಲ ಬಸ್ಸಿಗೇ ಹೋದೆ. ಹೋದದ್ದು ಅವಳ ಮನೆಗಲ್ಲ, ಸೈಝಿಂಗಿಗೆ. ಅಲ್ಲಿ ಯಂತ್ರ ತೊಳೆದು, ಕುಂಕುಮ ಹಚ್ಚಿ ನಿಲ್ಲಿಸಿದ್ದರು. ನಾನು ಅಂಗಳದ ಬೆಂಚಿನ ಮೇಲೆ ಕೂತೆ. ಹನ್ನೆರಡಾಯಿತು, ಒಂದಾಯಿತು. ಸಾವಕಾರರು ಎರಡು ಸಲ ಬಂದು ನೋಡಿದರು. "ಎರಡು ಗಲ್ಲಿ ಆಚೆ ಐತಿ ಮನಿ. ಹೋಗವಾ, ಹೇಳ್ಯಾರಲ್ಲ ನಿನಗ?"

"ಹೇಳ್ಯಾರ್ರಿ. ಕರೀಲಿ, ತಡೀರಿ."

ಅವರು ನಕ್ಕು ಒಳಗೆ ಹೋದರು. ನನಗೆ ನಗು ಬರುತ್ತಿರಲಿಲ್ಲ. ಎರಡು ಮಗ್ಗ ನಿಲ್ಲಿಸಿದವಳಿಗೆ ಬರೀ ಮರ್ಯಾದೆಗೆ ಹೇಳಿ, ಕರೆಯದೆ ಬಿಡುವವರೂ ಇರುತ್ತಾರೆ. ಹೇಳಿಕಿ ಬಾಯಿಮಾತಿಗೂ ಬರುತ್ತದೆ; ಕರೆ ಹಾಗೆ ಬರುವುದಿಲ್ಲ. ಒಂದೂವರೆಯಾದಾಗ ಫೋನು ತೆಗೆದು ನೋಡಿದೆ, ಏನೂ ಇರಲಿಲ್ಲ. ಹೊಟ್ಟೆ ಹಸಿದಿತ್ತು, ಆದರೂ ಏಳಲಿಲ್ಲ.

ಆಮೇಲೆ ಗೇಟಿನ ಸದ್ದಾಯಿತು. ನಾನು ಇಲ್ಲಿ ಕೂತ ಸುದ್ದಿ ಗಲ್ಲಿ ದಾಟಿ ಮುಟ್ಟಿತ್ತೇನೋ; ಮಾವಶಿ ಫೋನು ಮಾಡಿರಲಿಲ್ಲ, ನಡೆದೇ ಬಂದಿದ್ದಳು, ಆ ಮೊಣಕಾಲಿನಲ್ಲಿ. ಗೇಟಿಗೆ ಕೈಯೂರಿ ನಿಂತು, "ಎಲಿ ಹಾಕೇನಿ. ಏಳ ಯವ್ವಾ," ಎಂದಳು.

ಶೆಡ್ಡಿನಲ್ಲಿ ಊದಿನಕಡ್ಡಿಯ ಹೊಗೆ. ಎರಡು ಮಗ್ಗದಲ್ಲಿ ಅರ್ಧ ನೇಯ್ದ ಬಟ್ಟೆ. ಇನ್ನೆರಡು ಬೀಮಿಲ್ಲದೆ ಬರಿದಾಗಿದ್ದವು. ಅವುಗಳ ಕಡೆ ನೋಡಬಾರದು ಎಂದುಕೊಂಡೇ ಬಂದಿದ್ದೆ, ಕಣ್ಣು ಅಲ್ಲಿಗೇ ಹೋಯಿತು. ನಾಲ್ಕಕ್ಕೂ ಒಂದೇ ಸಮ ಎಣ್ಣೆ ಬಿಟ್ಟಿದ್ದಳು, ನಾಲ್ಕಕ್ಕೂ ಚೆಂಡುಹೂವಿನ ಮಾಲೆ, ನಾಲ್ಕಕ್ಕೂ ಒಂದೊಂದು ತೆಂಗಿನಕಾಯಿ. ನಾನು ನಿಂತುಬಿಟ್ಟದ್ದನ್ನು ಅವಳು ನೋಡಿದಳು.

"ವ್ಯಾಪಾರಿ ನಿನ್ನೆ ಬಂದಿದ್ದ. ಇವೆರಡಕ್ಕ ನೂಲು ದೀಪಾವಳಿ ಆದಮ್ಯಾಲ ನೋಡೂನು ಅಂದಾನ," ಎಂದಳು, ನನ್ನ ಬೆನ್ನ ಮೇಲೆ ಕೈಯಿಟ್ಟು ಎಲೆಯ ಕಡೆ ನಡೆಸುತ್ತ. "ಅವಕ್ಕೂ ಹೇಳಿಕಿ ಆಗೇತಿ. ಕರಿಯೂದೊಂದು ಉಳದೈತಿ."